ಪೊದೆಯ ಕೆಳಗಿನ ಹಿಮ

ಹಿಮ ಎಂದರೆ ನನಗೆ ಗೊತ್ತಿದ್ದದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವ ಬೆಳ್ಳನೆಯ ಗಟ್ಟಿ ಪದರ, ಅಷ್ಟೆ. ಅದನ್ನು ಚಮಚದಿಂದ ಕೆರೆದು ತೆಗೆಯುವುದೆಂದರೆ ನನಗೆ ತಲೆನೋವು. ಅಂಥ ನಾನು ಐದು ವರ್ಷದಿಂದ ಚಳಿಗಾಲವೆಲ್ಲ ಲಡಾಖಿನ ಹಿಮದಲ್ಲಿ ಫೋರ್ ವೀಲ್ ಡ್ರೈವ್ ಗಾಡಿ ಓಡಿಸುತ್ತೇನೆ ಎಂದರೆ ನಮ್ಮ ಓಣಿಯ ಹೆಂಗಸರು ಈಗಲೂ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. ನಗಲಿ. ನಕ್ಕರೆ ನನ್ನದೇನು ಗಂಟು ಹೋಗುವುದಿಲ್ಲ.

ಓಡಿಸುವುದು ಸಿಂಧನೂರಿನಲ್ಲೇ ಕೂತು. ತಮ್ಮ ಬುದ್ಧಿಯಿಂದಲೇ ಓಡುವ ಗಾಡಿಗಳು ದೇಶದ ತುಂಬ ಬಂದು ಹತ್ತು ವರ್ಷವಾಯಿತಲ್ಲ, ಸ್ಟೇರಿಂಗ್ ಹಿಡಿಯುವ ಕೈಗಳಿಗೆ ಕೆಲಸವೇ ಇಲ್ಲವಾಯಿತು. ಆದರೆ ಆ ಜಾಣ ಗಾಡಿಗಳಿಗೆ ಹಿಮ ಬೀಳತೊಡಗಿದರೆ ಕಣ್ಣು ಕಾಣುವುದಿಲ್ಲ. ಗಾಳಿಯಲ್ಲಿ ಹಾರುವ ಒಂದೊಂದು ಹಿಮದ ಚೂರೂ ಅವುಗಳ ಲೇಸರ್ ಕಣ್ಣಿಗೆ ಒಂದೊಂದು ಗೋಡೆ. ಗೋಡೆ ಇದೆ ಎಂದು ನಡುದಾರಿಯಲ್ಲಿ ನಿಂತುಬಿಡುತ್ತವೆ. ಮನುಷ್ಯರ ಕಣ್ಣು ಹಾಗಲ್ಲ, ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ನೋಡುತ್ತದೆ. ಅದಕ್ಕೇ ಕಂಪನಿಯವರಿಗೆ ಮತ್ತೆ ನಮ್ಮಂಥವರ ನೆನಪಾಯಿತು.

ಬೆಟ್ಟದ ಹಳ್ಳಿಗಳಲ್ಲಿ ಚಳಿಗಾಲಕ್ಕೆ ಗಾಡಿ ಓಡಿಸುವ ವಯಸ್ಸಿನವರು ಉಳಿಯುವುದಿಲ್ಲ. ಊರಿಗೊಂದು ಗಾಡಿ ಇಟ್ಟು, ದೂರದಿಂದ ಓಡಿಸುವ ಕುರ್ಚಿ ಮಾಡಿದರು. ಆ ಕುರ್ಚಿಯಲ್ಲಿ ಯಾರನ್ನು ಕೂರಿಸುವುದು ಎಂದು ದೇಶವೆಲ್ಲ ಪರೀಕ್ಷೆ ನಡೆಸಿದರೆ, ಮೊದಲ ಇಪ್ಪತ್ತರಲ್ಲಿ ಹದಿನಾಲ್ಕು ಮಂದಿ ನಮ್ಮ ಎರೆ ಸೀಮೆಯವರು! ದೊಡ್ಡ ದೊಡ್ಡ ಇಂಜಿನಿಯರುಗಳು ತಲೆ ಕೆರೆದುಕೊಂಡರು. ನಮ್ಮನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದೆವು. ಎರೆ ನೆಲ ಎಂದರೆ ಕಪ್ಪು ಹತ್ತಿ ಮಣ್ಣು. ಒಂದು ಮಳೆ ಬಿದ್ದರೆ ಸಾಕು, ಮೇಲೆ ಬೆಣ್ಣೆಯ ಜಾರು, ಕೆಳಗೆ ಅಂಟು. ಗಂಡ ತೀರಿದ ಮೇಲೆ ಹದಿನೈದು ವರ್ಷ ಆ ಕೆಸರಿನಲ್ಲಿ ಟ್ರ್ಯಾಕ್ಟರ್ ಹೊಡೆದವಳು ನಾನು. ಚಕ್ರ ಜಾರುವ ಮೊದಲೇ ಇನ್ನು ಜಾರುತ್ತದೆ ಎಂದು ನನ್ನ ಸೊಂಟಕ್ಕೆ ಗೊತ್ತಾಗುತ್ತದೆ.

ಕುರ್ಚಿಗೆ ಬೇಕಾದದ್ದೂ ಆ ಸೊಂಟವೇ. ಅದರ ಕೆಳಗೆ ನಾಲ್ಕು ತಟ್ಟೆಗಳಿವೆ, ನಾಲ್ಕು ಚಕ್ರಕ್ಕೆ ಒಂದೊಂದು. ಅಲ್ಲಿ ಹಿಂದಿನ ಬಲಚಕ್ರ ಜಾರಿದರೆ ಇಲ್ಲಿ ನನ್ನ ಬಲ ತೊಡೆಯ ಕೆಳಗೆ ಜುಮ್ ಎನ್ನುತ್ತದೆ. ಎದುರಿಗೆ ಪರದೆ, ಕೈಯಲ್ಲಿ ಸ್ಟೇರಿಂಗ್, ಕಾಲಡಿ ಎರಡು ಪೆಡಲ್. ಗೇರು ತಾನೇ ಬೀಳುತ್ತದೆ, ಲೋ ಗೇರು ಮಾತ್ರ ನಾವೇ ಹಾಕಬೇಕು. ನಾನು ಇಲ್ಲಿ ತಿರುಗಿಸಿದ್ದು ಉಪಗ್ರಹದ ಮೂಲಕ ಹೋಗಿ, ರೆಪ್ಪೆ ಬಡಿಯುವುದರೊಳಗೆ ಅಲ್ಲಿ ಚಕ್ರ ತಿರುಗುತ್ತದೆ. ಈ ಅಂತರ ಅರ್ಧ ಸೆಕೆಂಡ್ ದಾಟಿತೋ, ಗಾಡಿ ಯಾರ ಮಾತನ್ನೂ ಕೇಳದೆ ನಿಂತುಬಿಡುತ್ತದೆ. ಅದು ಸುರಕ್ಷತೆಯ ನಿಯಮ. ನಮ್ಮ ಹಾಲ್ ಇರುವುದು ಹಳೆಯ ಅಕ್ಕಿ ಗಿರಣಿಯ ಗೋಡೌನಿನಲ್ಲಿ. ಎ.ಸಿ. ಮೆಷಿನ್ನುಗಳಿಗೆ, ನಮಗೆ ಫ್ಯಾನು.

ಅವತ್ತು ಶಿವರಾತ್ರಿ ಕಳೆದು ಮೂರನೆಯ ದಿನ. ಮಗಳು ಮಂಗಲಾ ಬಾಣಂತನಕ್ಕೆ ಬಂದಿದ್ದಳು, ಮೊಮ್ಮಗನಿಗೆ ಇಪ್ಪತ್ತು ದಿನ. ಬೆಳಿಗ್ಗೆ ನಾನು ಕಾಲು ಚಾಚಿ ಕೂತು, ಅವನನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆದೆ. ಅವನು ಓಣಿಗೆಲ್ಲ ಕೇಳುವ ಹಾಗೆ ಕಿರುಚಿದ.

"ಸಾವಕಾಶ ತಿಕ್ಕಬೇ, ಅದೇನ್ ಟ್ರ್ಯಾಕ್ಟರ್ ಏನು?" ಎಂದಳು ಮಂಗಲಾ ಒಳಗಿನಿಂದ.

"ನಿನ್ನೂ ಹಿಂಗ ತಿಕ್ಕೀನಿ. ಏನ್ ಕೊರತಿ ಆಗೈತಿ ನಿನಗ?"

ಹುಟ್ಟಿದ ನಾಲ್ಕನೆಯ ದಿನಕ್ಕೆ ಅವನ ಮೈ ಸ್ವಲ್ಪ ಹಳದಿಗೆ ತಿರುಗಿತ್ತು. ಡಾಕ್ಟರು ನೋಡಿ, ಇದು ತೀರ ಕಡಿಮೆ, ಹಾಲು ಚೆನ್ನಾಗಿ ಕುಡಿಸಿ ಎಂದಿದ್ದರು. ವಾರದಲ್ಲಿ ಹೋಯಿತು. ಅವನನ್ನು ಒರೆಸಿ ಮಗಳ ಮಡಿಲಿಗೆ ಕೊಟ್ಟು, ಎರಡು ರೊಟ್ಟಿ ತಿಂದು ಕೆಲಸಕ್ಕೆ ಹೋದೆ.

ಗೋಡೌನಿನ ಬಾಗಿಲಲ್ಲೇ ಮೌನೇಶ ಕಾಯುತ್ತಿದ್ದ. ಅವನು ನಮ್ಮ ಸೂಪರ್‌ವೈಸರ್. ನನಗಿಂತ ಹತ್ತು ವರ್ಷ ಚಿಕ್ಕವನು, ನಿಯಮದ ಪುಸ್ತಕವನ್ನು ತಲೆದಿಂಬು ಮಾಡಿಕೊಂಡು ಮಲಗುವ ಮನುಷ್ಯ.

"ಅಕ್ಕಾ, ಖರ್ಸೊ ಊರಿಂದ ಕರೆ ಬಂದೈತಿ. ಆರು ದಿನದ ಕೂಸು. ಕಾಮಾಲಿ ಪಾದದ ಮಟ ಇಳದೈತಂತ. ಹೆಲಿಕಾಪ್ಟರ್ ಹಾರಂಗಿಲ್ಲ. ನಲವತ್ತಾರು ಕಿಲೋಮೀಟರ್, ನಡುವ ಥಂಗ್ಮಾ ಘಾಟಿ. ಐದು ಗಂಟಿ ಒಳಗ ಕೆಳಗಿನ ಆಸ್ಪತ್ರಿ ಮುಟ್ಟಬೇಕು."

"ಐದಕ್ಕ ಮುಟ್ಟಲಿಲ್ಲಂದ್ರ?"

ಅವನು ಆಸ್ಪತ್ರೆಯ ಡಾಕ್ಟರಮ್ಮನನ್ನೇ ಲೈನಿಗೆ ಹಾಕಿದ. ಆಕೆ ಸುತ್ತಿ ಬಳಸದೆ ಹೇಳಿದಳು. ಹಳದಿ ಬಣ್ಣ ರಕ್ತದಲ್ಲಿ ಏರಿದರೆ ಮಿದುಳಿಗೆ ಹೋಗುತ್ತದೆ. ಮೊದಲು ಕಿವಿ ಕೆಡುತ್ತದೆ, ಆಮೇಲೆ ಜೀವ. ನೀಲಿ ದೀಪದ ಕೆಳಗೆ ಮಲಗಿಸಬೇಕು, ಬೇಕಾದರೆ ರಕ್ತ ಬದಲಿಸಬೇಕು. ದಾರಿಯಲ್ಲಿ ಕೂಸು ಮಂಪರಿಗೆ ಜಾರಬಾರದು, ಎಬ್ಬಿಸಿ ಎಬ್ಬಿಸಿ ಹಾಲು ಕುಡಿಸುತ್ತಿರಬೇಕು. ಹನ್ನೊಂದೂವರೆಗೆ ನಾನು ಕುರ್ಚಿಯ ಮೇಲೆ ಕೂತೆ.

ಗಾಡಿಯಲ್ಲಿ ಮೂರು ಜೀವ. ಹಿಂದಿನ ಸೀಟಿನಲ್ಲಿ ಬಾಣಂತಿ ಡಿಸ್ಕಿತ್, ಅವಳ ಎದೆಗೆ ಕಟ್ಟಿದ ಹೆಣ್ಣುಕೂಸು. ಮುಂದೆ ಕೂಸಿನ ಅಜ್ಜಿ ಯಾಂಗ್ಚೆನ್, ಅರವತ್ತೆರಡರ ಹೆಂಗಸು. ಕೂಸಿನ ಅಪ್ಪ ಸೈನ್ಯದ ಸಾಮಾನು ಹೊರಲು ಹೋದವನು ಹಿಮದ ಆಚೆ ಸಿಕ್ಕಿಕೊಂಡಿದ್ದ. ಅಜ್ಜಿ ಆಡುತ್ತಿದ್ದದ್ದು ಪ್ರವಾಸಿಗರಿಗೆ ಒಣ ಹಣ್ಣು ಮಾರುತ್ತ ಕಲಿತ ಹಿಂದಿ, ನನ್ನದು ರಾಯಚೂರು ಸೀಮೆಯ ಹಿಂದಿ. ಎರಡಕ್ಕೂ ವ್ಯಾಕರಣ ಇಲ್ಲದ್ದರಿಂದ ಚೆನ್ನಾಗಿ ಹೊಂದಿಕೊಂಡಿತು. ಆಕೆಯ ಮಾತನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

"ಎಲ್ಲಿ ಕುಂತು ಹೊಡೀತಿ ನೀನು?" ಎಂದಳು.

"ಸಿಂಧನೂರಾಗ. ಕರ್ನಾಟಕ."

"ಅಲ್ಲಿ ಹಿಮ ಎಷ್ಟು ಬೀಳತೈತಿ?"

"ಹಿಮ ಇಲ್ಲವ್ವ. ಈಗ ಮೂವತ್ತೆಂಟು ಡಿಗ್ರಿ ಬಿಸಲು."

"ಹಿಮಾನ ಕಣ್ಣಿಲೆ ನೋಡೀಯೇನು?"

"ಫ್ರಿಜ್ಜಿನಾಗ ನೋಡೀನಿ."

"ಅಯ್ಯೋ ನನ್ನ ಕರ್ಮ!" ಎಂದು ಆಕೆ ನಕ್ಕುಬಿಟ್ಟಳು. "ಹೋಗಲಿ ಬಿಡು. ಕೈ ಹಗೂರ ಇದ್ರ ಸಾಕು."

ಟೈರುಗಳ ಗಾಳಿ ಅರ್ಧಕ್ಕೆ ಇಳಿಸಿ, ಹಿಂದಿನ ಚಕ್ರಕ್ಕೆ ಸರಪಳಿ ಹಾಕಿಸಿದ್ದೆ. ಲೋ ಗೇರಿನಲ್ಲಿ, ಓಡುವವರಷ್ಟು ಜೋರಾಗಿ ಹೊರಟೆವು. ಪರದೆಯ ಮೇಲೆ ಬಿಳಿಯ ಮೇಲೆ ಬಿಳಿ. ಆಗಾಗ ಕಾಣುವ ಕೆಂಪು ಗೂಟಗಳೇ ದಾರಿಯ ಗುರುತು. ಗೂಟ ಕಾಣದಲ್ಲಿ ತೊಡೆಯ ಕೆಳಗಿನ ತಟ್ಟೆಗಳನ್ನು ಕೇಳುತ್ತಿದ್ದೆ. ಕೆಳಗೆ ಗಟ್ಟಿ ರಸ್ತೆ ಇದ್ದರೆ ಹಿಮ ಒಂದು ಬಗೆಯಾಗಿ ಗುರುಗುಡುತ್ತದೆ, ಮಣ್ಣಿದ್ದರೆ ಇನ್ನೊಂದು ಬಗೆ. ಅದನ್ನು ಯಾವ ಮೆಷಿನ್ನಿಗೂ ಇನ್ನೂ ಕಲಿಸಲಾಗಿಲ್ಲ.

ಮೊದಲ ಒಂದು ತಾಸು ಕೂಸು ಆಗಾಗ ಕುಂಯ್ ಎನ್ನುತ್ತಿತ್ತು. ಆಮೇಲೆ ಸದ್ದಿಲ್ಲ.

"ಕುಡಿಯಾಕತ್ತಿಲ್ಲ," ಎಂದಳು ಡಿಸ್ಕಿತ್. "ಬಾಯಾಗ ಇಟ್ರೂ ಹಂಗ ಮಲಗತಾಳ."

"ಅಂಗಾಲು ತಿಕ್ಕವ್ವ. ಬೆರಳ ತುದೀಲೆ ಗದ್ದ ತಟ್ಟು. ತಡಿ, ನಾ ಎಬ್ಬಸ್ತೀನಿ," ಎಂದು ಸ್ಪೀಕರಿನ ದನಿ ಏರಿಸಿ, ಬಾಯಿಗೆ ಬಂದ ಹಾಗೆ ಶುರು ಮಾಡಿದೆ, ಅದೂ ಕನ್ನಡದಲ್ಲಿ. ಕೂಸಿನ ಜೊತೆ ಹಿಂದಿಯಲ್ಲಿ ಮಾತಾಡಲು ನನಗೆ ಬರುವುದಿಲ್ಲ. "ಏ ಚಿನ್ನಾ! ಏ ನನ್ನ ಬಂಗಾರದ ಗಟ್ಟಿ! ಹಗಲೊತ್ತಿನಾಗ ಎಂಥಾ ನಿದ್ದೀನ ನಿಂದು? ನಿಮ್ಮವ್ವ ಎದಿ ಬಿಚ್ಚಿಕೊಂಡು ಕುಂತಾಳ, ಬಾಯಿ ತಗೀಯಾಕ ನಿನಗ ಬಿಂಕ ಏನಲೇ? ಏಳ ಏಳ, ಸೋಮಾರಿ ಹೆಣ್ಣ!"

"ಏನಂತಿ ಅಕಿಗೆ?" ಎಂದಳು ಯಾಂಗ್ಚೆನ್.

"ಬೈಯಾಕತ್ತೀನಿ."

ಹಿಂದಿನಿಂದ ಡಿಸ್ಕಿತ್ ಕೂಗಿದಳು, "ಕಣ್ಣು ತಗದ್ಲು! ಕುಡಿಯಾಕತ್ತಾಳ!"

"ಹಂಗಾದ್ರ ಬೈಯಿ, ಚಂದಾಗಿ ಬೈಯಿ," ಎಂದಳು ಅಜ್ಜಿ.

ಬೈಯುತ್ತ ಬೈಯುತ್ತ ಘಾಟಿ ಏರಿದೆವು. ಗಂಟೆ ಒಂದೂವರೆ. ಅರ್ಧ ದಾರಿ ಮುಗಿದಿತ್ತು, ನಾನೂ ಸ್ವಲ್ಪ ಹಗುರಾಗಿದ್ದೆ. ಆಗ ಎದುರಿಗೆ ಹಿಮದ ದೊಡ್ಡ ರಾಶಿ ಬಂತು. ಗಾಳಿ ತಂದು ರಸ್ತೆಗೆ ಅಡ್ಡ ಸುರಿದದ್ದು. ಮುಂದಿನ ಚಕ್ರಗಳು ಹೂತುಕೊಳ್ಳತೊಡಗಿದವು, ನನ್ನ ತೊಡೆಗಳ ಕೆಳಗೆ ಜುಮ್ ಜುಮ್ ಎಂದಿತು. ಎಡ ಅಂಚಿನಲ್ಲಿ ಒಂದಿಷ್ಟು ಒಣ ಕಡ್ಡಿಗಳು ಹಿಮದಿಂದ ತಲೆ ಹೊರಗೆ ಹಾಕಿದ್ದವು. ಯಾವುದೋ ಪೊದೆ.

ಎರೆ ಹೊಲದಲ್ಲಿ ಟ್ರ್ಯಾಕ್ಟರ್ ಹೂತರೆ ನಾವು ಮಾಡುವುದು ಒಂದೇ. ಬದುವಿನ ಕಡೆ ತಿರುಗಿಸುತ್ತೇವೆ. ಅಲ್ಲಿ ಜಾಲಿ ಗಿಡ, ಕರಿಕೆ ಹುಲ್ಲು ಇರುತ್ತದೆ, ಬೇರು ಮಣ್ಣನ್ನು ಹಿಡಿದಿರುತ್ತದೆ, ಚಕ್ರಕ್ಕೆ ಹಿಡಿತ ಸಿಗುತ್ತದೆ. ಯೋಚನೆ ಮಾಡಿ ಮಾಡುವುದಲ್ಲ ಅದು, ಕೈಯೇ ಮಾಡುತ್ತದೆ. ನನ್ನ ಕೈ ಸ್ಟೇರಿಂಗನ್ನು ಎಡಕ್ಕೆ ಎಳೆಯಿತು.

"ಬ್ಯಾಡ! ಪೊದಿ ಕಡೆ ಬ್ಯಾಡ!" ಎಂದು ಯಾಂಗ್ಚೆನ್ ಕಿರುಚಿದಳು.

ಅಷ್ಟರಲ್ಲಿ ಆಗಿಹೋಗಿತ್ತು. ಎಡಗಡೆಯ ಎರಡು ಚಕ್ರಗಳೂ ಧಡ್ ಎಂದು ಕೆಳಗೆ ಕುಸಿದವು. ಪರದೆ ಓರೆಯಾಯಿತು. ಹಿಂದೆ ಏನೋ ಬಡಿದ ಸದ್ದು, ಡಿಸ್ಕಿತಳ ಚೀರಾಟ.

"ಕೂಸು? ಕೂಸಿಗೆ ಏನರ ಆತೇನು?"

"ಇಲ್ಲ. ತಲಿ ಬಡೀತು, ನಂದು," ಎಂದಳು ಡಿಸ್ಕಿತ್.

ಯಾಂಗ್ಚೆನ್ ತಣ್ಣಗೆ ಹೇಳಿದಳು. "ಪೊದಿ ಕೆಳಗ ಹಿಮ ಟೊಳ್ಳಿರತೈತಿ. ಕಡ್ಡಿ ಮ್ಯಾಲ ಹಿಮ ಕುಂತು ಚಪ್ಪರ ಆಗಿರತೈತಿ, ಕೆಳಗ ಏನೂ ಇರಂಗಿಲ್ಲ. ನಮ್ಮಲ್ಲಿ ನಡಿಯಾಕ ಕಲ್ತ ಹುಡುಗರಿಗೂ ಗೊತ್ತು."

ತಪ್ಪಾಯಿತು ಎಂದೆ. ಆಕೆ ಬಾಗಿಲು ತೆಗೆದು, ಸಲಿಕೆ ತೆಗೆದುಕೊಂಡು ಇಳಿದಳು.

ಮುಂದಿನ ನಲವತ್ತು ನಿಮಿಷವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮೈನಸ್ ಹದಿನೆಂಟರ ಗಾಳಿಯಲ್ಲಿ ಅರವತ್ತೆರಡರ ಮುದುಕಿ ಚಕ್ರದ ಮುಂದಿನ ಹಿಮ ಅಗೆಯುತ್ತಿದ್ದಾಳೆ. ನಾನು ಇಲ್ಲಿ ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಕೂತಿದ್ದೇನೆ. ಕೈ ಚಾಚಿದರೆ ಪರದೆಯ ಗಾಜು. ಮೌನೇಶ ನೀರಿನ ಲೋಟ ತಂದಿಟ್ಟ, ಮುಟ್ಟಲಿಲ್ಲ. ನಡುನಡುವೆ ಆಕೆ ಕೆಮ್ಮುವುದು ಕೇಳುತ್ತಿತ್ತು. ಸೀಟಿನ ಮೇಲಿನ ಉಣ್ಣೆಯ ಹಾಸು, ತನ್ನ ಮೈಮೇಲಿನ ದಪ್ಪ ಶಾಲು, ಎರಡನ್ನೂ ಚಕ್ರದ ಕೆಳಗೆ ತುರುಕಿ ಬಂದು ಕೂತಳು.

"ಈಗ ನಿನ್ನ ಕೆಲಸ," ಎಂದಳು.

ನಾಲ್ಕೂ ಚಕ್ರಗಳನ್ನು ಒಂದೇ ವೇಗಕ್ಕೆ ಬಿಗಿದು, ಸ್ಟೇರಿಂಗನ್ನು ಅತ್ತ ಇತ್ತ ಆಡಿಸುತ್ತ, ಹಿಟ್ಟು ನಾದುವಷ್ಟೇ ಮೆಲ್ಲಗೆ ಪೆಡಲ್ ಒತ್ತಿದೆ. ಗಾಡಿ ಒಮ್ಮೆ ನರಳಿ, ಹಾಸನ್ನು ಹಿಡಿದು ಮೇಲೆ ಬಂತು. ಶಾಲು ಎರಡು ತುಂಡಾಯಿತು. ಗೋಡೌನಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ನಾನು ಸುಮ್ಮನಿರಿ ಎಂದು ಗದರಿದೆ.

ಅಂಥ ಹೊತ್ತಿನಲ್ಲೇ ಬಿರುಗಾಳಿ ದಪ್ಪವಾಯಿತು. ಘಾಟಿಯ ನೆತ್ತಿ ದಾಟಿ ಇಳಿಜಾರು ಶುರುವಾದ ಕೂಡಲೇ ಪರದೆ ಚುಕ್ಕೆ ಚುಕ್ಕೆಯಾಗಿ ಒಡೆಯಿತು. ಗಾಡಿಯ ಮೇಲಿನ ಆಂಟೆನಾಕ್ಕೆ ಮಂಜು ಗಟ್ಟಿಯಾಗಿ ಮೆತ್ತಿತ್ತು. ಅಂತರ ಅರ್ಧ ಸೆಕೆಂಡ್, ಒಂದು ಸೆಕೆಂಡ್, ಎರಡು. ನಿಯಮದಂತೆ ಗಾಡಿ ತಾನೇ ನಿಂತುಬಿಟ್ಟಿತು. ಚಿತ್ರ ಹೋಯಿತು, ತಟ್ಟೆಗಳು ಸತ್ತವು. ಮಾತಿಗೆ ಬೇಕಾದ ದಾರಿ ಸಣ್ಣದು, ಹಾಗಾಗಿ ದನಿ ಮಾತ್ರ ಉಳಿಯಿತು, ಅದೂ ನಾಲ್ಕು ಸೆಕೆಂಡ್ ತಡವಾಗಿ.

"ಕಾಯಬೇಕು ಅಕ್ಕಾ. ಹೀಟರ್ ಇರತೈತಿ. ಸಂಜೀಕ ಬಿರುಗಾಳಿ ಇಳೀತೈತಂತ," ಎಂದ ಮೌನೇಶ.

"ಸಂಜೀಕ ಕೂಸು ಇರತೈತೇನಲೇ?"

ಗಂಟೆ ಎರಡು ಮುಕ್ಕಾಲು. ಇನ್ನೂ ಹದಿನೆಂಟು ಕಿಲೋಮೀಟರ್. ಗಾಡಿಯಲ್ಲಿ ಒಂದು ಸ್ಟೇರಿಂಗ್ ಇದೆ, ಮುಚ್ಚಳದ ಕೆಳಗೆ ಬೀಗ ಹಾಕಿಕೊಂಡು. ಮೆಕ್ಯಾನಿಕ್ ಮಾತ್ರ ಮುಟ್ಟಬಹುದು. ಬೀಗದ ಸಂಖ್ಯೆ ಇರುವುದು ಸೂಪರ್‌ವೈಸರ್ ಹತ್ತಿರ. ಪ್ರಯಾಣಿಕರ ಕೈಗೆ ಕೊಟ್ಟರೆ ಅವನ ಕೆಲಸವೂ ಹೋಗುತ್ತದೆ, ನನ್ನದೂ. ನಾನು ಅವನ ಮುಖ ನೋಡಿದೆ. ಅವನೂ ನೋಡಿದ. ನಿಯಮದ ಪುಸ್ತಕದ ಮನುಷ್ಯ, ನಾನು ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮೈಕು ತನ್ನ ಕಡೆ ಎಳೆದುಕೊಂಡು ಒಂದೊಂದೇ ಅಂಕಿ ಹೇಳಿದ. ಮುಗಿಸಿ ಬೆವರು ಒರೆಸಿಕೊಂಡ. ನನಗೆ ಅವನ ತಲೆ ನೇವರಿಸಬೇಕೆನಿಸಿತು.

"ಯಾಂಗ್ಚೆನವ್ವ, ಇನ್ನ ನೀನ ಹೊಡೀಬೇಕು," ಎಂದೆ.

ನಾಲ್ಕು ಸೆಕೆಂಡ್. ಆಮೇಲೆ ನಾಲ್ಕು ಸೆಕೆಂಡ್. "ನಾ ಯಾಕ್ ದನ ಮೇಸೀನಿ, ಕತ್ತೆ ಓಡಿಸೀನಿ. ಇದನ್ನ ಮುಟ್ಟಿಲ್ಲ."

"ನಾನೂ ಹಿಮ ಮುಟ್ಟಿಲ್ಲ. ಗಾಡಿ ನನಗ ಗೊತ್ತು, ಹಿಮ ನಿನಗ ಗೊತ್ತು. ಇಬ್ಬರೂ ಸೇರಿದ್ರ ಒಬ್ಬ ಡ್ರೈವರ್ ಆಗತೀವಿ."

"ಆಯ್ತು. ಹೇಳು."

ಮೊದಲ ಹತ್ತು ನಿಮಿಷ ಗೋಳಾಯಿತು. ಜಾರಾಕತ್ತೈತಿ ಎಂದು ಆಕೆ ಹೇಳಿದ್ದು ನನಗೆ ಮುಟ್ಟುವುದರೊಳಗೆ ಜಾರಿ ಮುಗಿದಿರುತ್ತಿತ್ತು. ನಾನು ಹೇಳಿದ ಉಪಾಯ ಮುಂದಿನ ತಿರುವಿಗೆ ಮುಟ್ಟುತ್ತಿತ್ತು. ಆಗ ನನಗೆ ಹೊಳೆಯಿತು.

"ಅವ್ವಾ, ಆಗಿದ್ದನ್ನ ಹೇಳಬ್ಯಾಡ. ಮುಂದ ಏನು ಕಾಣತೈತಿ ಅದನ್ನ ಹೇಳು. ಅಲ್ಲಿ ಏನ್ ಮಾಡಬೇಕು ನಾ ಈಗಲೇ ಹೇಳತೀನಿ."

ಅಲ್ಲಿಂದ ಹಾದಿಗೆ ಬಂತು. ಎದುರಿಗೆ ಬಲಕ್ಕೆ ತಿರುವು, ಇಳಿಜಾರು ಎನ್ನುತ್ತಾಳೆ. ತಿರುವಿಗೆ ಮೊದಲೇ ಪೆಡಲ್ ಮ್ಯಾಲಿಂದ ಕಾಲು ತಗೀ, ಬ್ರೇಕ್ ಮುಟ್ಟಬ್ಯಾಡ, ಹಿಂಭಾಗ ಯಾವ ಕಡೆ ಜಾರತೈತೋ ಆ ಕಡೆನೇ ಸ್ಟೇರಿಂಗ್ ತಿರುವು ಎನ್ನುತ್ತೇನೆ. ಎಂಟು ಸೆಕೆಂಡ್ ಉಸಿರು ಹಿಡಿಯುತ್ತೇನೆ. ದಾಟೀವಿ ಎನ್ನುತ್ತಾಳೆ. ನಡುವೆ ಪುರುಸೊತ್ತಾದಾಗ ಹಿಂದಿನ ಸೀಟಿಗೆ ಕನ್ನಡದಲ್ಲಿ ಬೈಗುಳ. ಕೂಸು ಕೊನೆಯ ಸಲ ಹಾಲು ಕುಡಿದದ್ದು ಮೂರು ಗಂಟೆಗೆ. ಆಮೇಲೆ ಎಷ್ಟು ಬೈದರೂ ಅವಳು ಕಣ್ಣು ತೆರೆಯಲಿಲ್ಲ.

"ಮೈ ಬಿಸಿ ಐತಿ. ಉಸಿರು ಐತಿ. ಆದ್ರ ಮೆತ್ತಗ ಆಗ್ಯಾಳ," ಎಂದು ಡಿಸ್ಕಿತ್ ಅತ್ತಳು.

ಯಾಂಗ್ಚೆನ್ ಗಾಡಿ ನಿಲ್ಲಿಸಿದ್ದು ಆಗಲೇ. "ಮುಂದ ರಸ್ತಿ ಅರ್ಧ ಮುಚ್ಚೈತಿ. ಒಳಗ, ಗುಡ್ಡದ ಗೋಡಿ ಕಡೆ ಹಿಮ ಎದಿಮಟ ಐತಿ. ಹೊರಗ, ಕೊಳ್ಳದ ಕಡೆ ತೆಳು ಐತಿ, ಗಾಳಿ ಬಡದು ಬಡದು ಗಟ್ಟಿ ಆಗೈತಿ. ಹೊರಗಿಂದ ಹೋಗತೀನಿ."

ನನ್ನ ಮೈಯೆಲ್ಲ ಬೇಡ ಎಂದಿತು. ಅಂಚಿಗೆ ಹೋಗಿ ಒಮ್ಮೆ ಕೆಟ್ಟವಳು ನಾನು. ಈ ಸಲ ಜಾರಿದರೆ ಅಗೆದು ತೆಗೆಯುವಂಥ ಕುಣಿಯಲ್ಲ, ಮುನ್ನೂರು ಅಡಿ ಕೊಳ್ಳ.

"ಪೊದಿ ಅದಾವೇನು ಅಲ್ಲಿ?" ಎಂದೆ.

"ಒಂದೂ ಇಲ್ಲ. ಬರೇ ಕಲ್ಲು. ಆ ಅಂಚಿನ ಮ್ಯಾಲ ನಲವತ್ತು ಚಳಿಗಾಲ ನಡದೀನಿ."

ಮೌನೇಶ ತಲೆ ಅಲ್ಲಾಡಿಸುತ್ತಿದ್ದ. ನಾನು ಕಣ್ಣು ಮುಚ್ಚಿದೆ. "ಹಿಮ ನಿನ್ನ ಮಾತು, ಅವ್ವಾ. ಲೋ ಗೇರಿನಾಗ ಇಡು. ಎರಡೂ ಪೆಡಲ್ ಬಿಡು, ಇಂಜಿನ್ ತಾನ ಎಳೀತೈತಿ. ನಡುವ ನಿಲ್ಲಬ್ಯಾಡ. ಕೊಳ್ಳ ನೋಡಬ್ಯಾಡ, ಎಲ್ಲಿ ಹೋಗಬೇಕೋ ಅಲ್ಲೇ ನೋಡು."

"ಹೂಂ," ಎಂದಳು. ಅಲ್ಲಿಗೆ ದನಿಯೂ ಹೋಯಿತು.

ನಾಲ್ಕು ಸೆಕೆಂಡ್, ಎಂಟು, ಒಂದು ನಿಮಿಷ. ಗೋಡೌನಿನಲ್ಲಿ ಎಲ್ಲರೂ ತಮ್ಮ ಕುರ್ಚಿ ಬಿಟ್ಟು ನನ್ನ ಹಿಂದೆ ಬಂದು ನಿಂತರು. ಹುಲಿಗಿ ಅಮ್ಮನಿಗೆ ಹರಕೆ ಹೊತ್ತೆ. ಅವಳ ಹೆಸರನ್ನೇ ಇಟ್ಟುಕೊಂಡವಳು ನಾನು ಹುಲಿಗೆಮ್ಮ, ನನ್ನ ಮಾತು ಮೀರಬೇಡ ತಾಯಿ ಎಂದು ಜಬರದಸ್ತಿಯನ್ನೂ ಮಾಡಿದೆ. ಒಂದೂ ಕಾಲು ತಾಸು ಹೀಗೆ ಕಳೆಯಿತು. ಸ್ಟೇರಿಂಗ್ ಹಿಡಿದ ಕೈ ಬಿಡಲಿಲ್ಲ, ಅದಕ್ಕೆ ಜೀವ ಇಲ್ಲ ಎಂದು ಗೊತ್ತಿದ್ದರೂ.

ನಾಲ್ಕು ಐವತ್ತೆರಡಕ್ಕೆ ಡಾಕ್ಟರಮ್ಮನ ಲೈನ್ ಬಂತು. "ಗಾಡಿ ಬಂದಿದೆ. ಗೇಟಿನ ಕಂಬಕ್ಕೆ ಗುದ್ದಿ ನಿಲ್ಲಿಸಿದರು. ಮಗು ಒಳಗಿದೆ."

ಬ್ರೇಕ್ ಮುಟ್ಟಬ್ಯಾಡ ಎಂದಿದ್ದೆನಲ್ಲ! ಮುಟ್ಟು ಎಂದು ಹೇಳಲು ಮರೆತಿದ್ದೆ. ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ.

ಆ ರಾತ್ರಿಯೇ ಕೂಸಿನ ರಕ್ತ ಬದಲಿಸಿದರು. ಜೀವ ಉಳಿಯಿತು ಎಂದು ಮರುದಿನ ತಿಳಿಯಿತು. ಮುಂದಿನ ಮಾತನ್ನೂ ಡಾಕ್ಟರಮ್ಮ ಮುಚ್ಚಿಡಲಿಲ್ಲ. ಬಣ್ಣ ಬಹಳ ಏರಿತ್ತು, ಕಿವಿಯ ನರಕ್ಕೆ ಏಟು ಬಿದ್ದಿದೆಯೋ ಇಲ್ಲವೋ ಈಗ ಹೇಳಲಾಗದು, ಪರೀಕ್ಷಿಸುವ ಯಂತ್ರ ಇಲ್ಲಿಲ್ಲ, ರಸ್ತೆ ಪೂರ್ತಿ ತೆರೆದ ಮೇಲೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಒಂದು ತಾಸು ಮೊದಲೇ ಬಂದಿದ್ದರೆ ಎಂದು ಬಾಯಿ ತಪ್ಪಿ ಹೇಳಿದಳು.

ಆ ತಾಸಿನಲ್ಲಿ ನಲವತ್ತು ನಿಮಿಷ ನನ್ನದು. ಪೊದೆಯ ಕಡೆ ಎಳೆದ ಈ ಕೈಯದು. ವರದಿಯಲ್ಲಿ ಅದನ್ನು ಬಿಡದೆ ಬರೆದೆ. ಕಂಪನಿ ನಮ್ಮಿಬ್ಬರನ್ನೂ ಕರೆದು ಕೇಳಿ, ಕೊನೆಗೆ ಎಚ್ಚರಿಕೆ ಕೊಟ್ಟು ಬಿಟ್ಟಿತು. ಪೊದೆಯ ವಿಷಯವನ್ನು ಎಲ್ಲ ಚಾಲಕರ ತರಬೇತಿಗೂ ಸೇರಿಸಿದರು. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ.

ಮನೆಯಲ್ಲಿ ಮೊಮ್ಮಗನ ತಲೆಯ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ಅವನು ಬೆಚ್ಚಿಬಿದ್ದು ಕೈಕಾಲು ಎತ್ತಿದ. ಇನ್ನೊಮ್ಮೆ ತಟ್ಟಿದೆ, ಅವನು ಅಳತೊಡಗಿದ.

"ನಿನಗೇನ್ ತಲಿ ಕೆಟ್ಟೈತೇನಬೇ?" ಎಂದು ಮಂಗಲಾ ಓಡಿಬಂದಳು. ನನ್ನ ಮುಖ ನೋಡಿ ಬೈಯುವುದನ್ನು ಬಿಟ್ಟು, ಮಗುವನ್ನು ನನ್ನ ತೊಡೆಯ ಮೇಲೆ ಇಟ್ಟು ಪಕ್ಕದಲ್ಲಿ ಕೂತಳು. ನಾನು ಎಲ್ಲ ಹೇಳಿ ಅತ್ತೆ. ಆ ದಿನಗಳಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ. ಮಾತೂ ಕಡಿಮೆಯಾಗಿತ್ತು, ಓಣಿಯವರು ಹುಲಿಗೆಮ್ಮನಿಗೆ ಏನಾಯಿತು ಎಂದು ಕೇಳುವಷ್ಟು.

ಹದಿಮೂರನೆಯ ದಿನ ಕೂಸಿನ ಮನೆಯವರು ಊರಿಗೆ ಮರಳುವವರಿದ್ದರು, ದೊಡ್ಡ ಆಸ್ಪತ್ರೆಯ ರಸ್ತೆ ಇನ್ನೂ ತೆರೆದಿರಲಿಲ್ಲ. ಬೇರೆ ಯಾರಾದರೂ ಓಡಿಸಲಿ ಎಂದು ಮೌನೇಶನಿಗೆ ಹೇಳಿದೆ. ಅವನು ಕೇಳಲಿಲ್ಲ. "ಅಜ್ಜಿ ನಿನ್ನ ಹೆಸರ ಹೇಳಿ ಕೇಳ್ಯಾಳ," ಎಂದು ಕುರ್ಚಿ ತೋರಿಸಿದ.

ಅಲ್ಲಿ ಬಿಸಿಲು ಬಿದ್ದಿತ್ತು. ಪರದೆಯ ಮೇಲೆ ಬೆಟ್ಟ, ನೀಲಿ ಆಕಾಶ, ಗುಡಿಸಿ ತೆಗೆದ ರಸ್ತೆ. ಗೇಟಿನ ಕಂಬ ಇನ್ನೂ ವಾಲಿಕೊಂಡೇ ಇತ್ತು. ಸ್ಟೇರಿಂಗಿಗೆ ಮತ್ತೆ ಬೀಗ ಬಿದ್ದಿದ್ದರೂ ಯಾಂಗ್ಚೆನ್ ನೇರ ಡ್ರೈವರ್ ಸೀಟಿಗೆ ಬಂದು ಕೂತಳು. ಹಿಂದೆ ಕೂಸು ಒಂದೇ ಸಮನೆ ಕಿರುಚುತ್ತಿತ್ತು.

"ತಾಸು ಹೊತ್ತಾತು, ಹಿಂಗ ಅಳಾಕತ್ತಾಳ," ಎಂದಳು ಡಿಸ್ಕಿತ್. "ಹಾಲು ಬ್ಯಾಡ, ತೂಗಿದ್ರೂ ಬ್ಯಾಡ."

ನನಗೆ ಮಾತಾಡಲು ಧೈರ್ಯವಾಗಲಿಲ್ಲ. ಆದರೆ ಹೊರಡುವ ಮೊದಲು ಚಾಲಕರು ದನಿ ಕೊಡಬೇಕು, ಅದು ಪದ್ಧತಿ. ಮೈಕಿನ ಗುಂಡಿ ಒತ್ತಿದೆ.

"ಯಾಕಲೇ ಚಿನ್ನಾ, ಏನಾತು ನಿನಗ?" ಎಂದೆ.

ಅಳು ನಿಂತಿತು.

ಕತ್ತರಿಸಿದ ಹಾಗೆ ನಿಂತಿತು. ಲೈನು ಹೋಯಿತೇನೋ ಎಂದು ಮೌನೇಶ ಗಡಬಡಿಸಿ ಮೀಟರ್ ನೋಡಿದ. ಲೈನು ಇತ್ತು. ನಾನು ಗುಂಡಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಅಲ್ಲಿ ಮತ್ತೆ ಕುಂಯ್ ಎಂದಳು, ಮತ್ತೆ ದನಿ ಏರಿಸಿದಳು.

"ಹುಲಿಗೆಮ್ಮಾ," ಎಂದಳು ಯಾಂಗ್ಚೆನ್. "ಇನ್ನೊಮ್ಮೆ ಮಾತಾಡು."

ಬಾಯಿ ತೆರೆದೆ. ಒಂದು ಶಬ್ದವೂ ಬರಲಿಲ್ಲ. ಜನ್ಮದಲ್ಲಿ ಮೊದಲ ಸಲ ನನಗೆ ಮಾತು ಸಿಗಲಿಲ್ಲ. ಮೌನೇಶ ನನ್ನ ಹೆಗಲು ಅಲುಗಿಸಿದ. "ಅಕ್ಕಾ, ಮಾತಾಡ! ಏನರ ಮಾತಾಡ!"

"ಏ ಕಳ್ಳೀ," ಎಂದೆ. "ಏ ಸೋಮಾರೀ. ಕೇಳತೈತೇನ ನಿನಗ? ನಾ ಅಜ್ಜಿ, ಸಿಂಧನೂರು ಅಜ್ಜಿ. ಅವತ್ತು ಬೈದೆ ಅಂತ ಸಿಟ್ಟು ಮಾಡೀಯೇನವ್ವ?"

ಅಳು ಮತ್ತೆ ನಿಂತಿತು. "ಕಣ್ಣು ಅಗಲಿಸ್ಯಾಳ," ಎಂದಳು ಡಿಸ್ಕಿತ್, ನಗುತ್ತ ಅಳುತ್ತ. "ಸ್ಪೀಕರ್ ಕಡೆನೇ ಮುಖ ಮಾಡ್ಯಾಳ. ನಿಲ್ಲಸಬ್ಯಾಡ, ಹಂಗ ಮಾತಾಡತಾ ಇರು."

ಖರ್ಸೊಗೆ ಮೂರು ತಾಸಿನ ದಾರಿ. ನಮ್ಮ ಓಣಿಯ ಸುದ್ದಿ, ಮೊಮ್ಮಗನ ಸುದ್ದಿ, ಜೋಳದ ರೊಟ್ಟಿ ಬಡಿಯುವ ಬಗೆ, ಎರೆ ಹೊಲದಲ್ಲಿ ಟ್ರ್ಯಾಕ್ಟರ್ ಹೂತ ಕತೆ, ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಘಾಟಿ ಏರಿ ಇಳಿದು, ಅವರ ಮನೆಯ ಬಾಗಿಲು ಮುಟ್ಟುವವರೆಗೆ ನಾನು ಬಾಯಿ ಮುಚ್ಚಲಿಲ್ಲ.